ನಿಂತ ಲಾರಿಯ ಲೆಕ್ಕ

ಕೋಲಾರ ಚಿನ್ನದ ಗಣಿಯ ಊರಿಗಾಂ ಕಡೆಯವರಿಗೆ ‘ಹುಡುಗನಿಗೆ ಕೆಲಸ ಸಿಕ್ಕಿತು’ ಎಂದು ಹೇಳಿ ನೋಡಿ. ಸಂಬಳ ಎಷ್ಟು ಎನ್ನುವ ಮುಂಚೆ ‘ತಿಂಗಳು ತಿಂಗಳು ಕೈಗೆ ಬರುತ್ತಾ?’ ಎಂದು ಕೇಳುತ್ತಾರೆ. ಲಾರಿ ಓಡಿಸುವವರ ನಡುವೆಯಂತೂ ಇದೇ ಮಾತು. ಬಂಗಾರಪೇಟೆಯ ಟೀ ಅಂಗಡಿ ಮುಂದೆ ನಾಲ್ವರು ಡ್ರೈವರುಗಳು ಸೇರಿದರೆ ಓನರುಗಳ ತೂಕ ಶುರುವಾಗುತ್ತದೆ. ಒಬ್ಬರ ಹತ್ತಿರ ಟ್ರಿಪ್ ಲೆಕ್ಕ, ಓಡಿದಷ್ಟು ದುಡ್ಡು. ಇನ್ನೊಬ್ಬರ ಹತ್ತಿರ ಲೋಡಿರಲಿ ಬಿಡಲಿ ಇಷ್ಟು ಅಂತ ಗ್ಯಾರಂಟಿ, ಆದರೆ ಬಾಟಾ ಕಮ್ಮಿ. ಅಮೆರಿಕದಲ್ಲಿ ಟ್ರಕ್ ಕಂಪನಿಗಳು ವಾರಕ್ಕೆ ಇಂತಿಷ್ಟು ಡಾಲರ್ ಖಾತ್ರಿ ಎಂದು ಜಾಹೀರಾತು ಕೊಟ್ಟೇ ಡ್ರೈವರುಗಳನ್ನು ಕರೆಯುತ್ತವೆ. ನಮ್ಮಲ್ಲಿ ಅದು ಹೆಚ್ಚಾಗಿ ಬಾಯಿಮಾತು. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ‘ಈ ತಿಂಗಳು ಬಿಸಿನೆಸ್ ಡಲ್ಲು ಕಣಪ್ಪ’.

ಒಬ್ಬ ಡ್ರೈವರಿನ ಜೇಬಿನ ಪುಸ್ತಕ ನೋಡಲು ಸಿಕ್ಕಿತ್ತು. ಅಂಗೈಯಗಲದ್ದು, ಬೆವರಿಗೆ ಮೂಲೆಗಳು ಮೆತ್ತಗಾಗಿದ್ದವು. ಅಡ್ವಾನ್ಸು, ಡೀಸೆಲ್, ಟೋಲು, ಹಮಾಲಿ, ಪಂಕ್ಚರು, ಊಟ ಎಲ್ಲಕ್ಕೂ ಒಂದೊಂದು ಸಾಲು. ಊಟದ ಸಾಲಿನಲ್ಲಿ ಬರೆದ ಅಂಕಿ ಟೋಲಿನ ಕಾಲು ಭಾಗವೂ ಇರಲಿಲ್ಲ. ನಡುನಡುವೆ ಕೆಲವು ತಾರೀಖುಗಳ ಎದುರು ‘ಹಾಲ್ಟ್’ ಎಂದಷ್ಟೇ ಇತ್ತು, ಮೊತ್ತದ ಜಾಗ ಖಾಲಿ. ಅವತ್ತು ಅವನು ಲಾರಿಯಲ್ಲೇ ಇದ್ದ, ಸರಕು ಕಾಯುತ್ತಿದ್ದ, ಗೇಟಿನವನು ಕರೆದಾಗ ಗಾಡಿಯನ್ನು ಹತ್ತು ಅಡಿ ಮುಂದೆ ತೆಗೆಯುತ್ತಿದ್ದ. ಮನೆಗೆ ಹೋಗುವ ಹಾಗಿಲ್ಲ, ಬೇರೆ ಕೂಲಿ ಹುಡುಕುವ ಹಾಗೂ ಇಲ್ಲ. ಆದರೂ ಪುಸ್ತಕದ ಪ್ರಕಾರ ಅವನು ಕೆಲಸ ಮಾಡಿಲ್ಲ.

ಓನರುಗಳನ್ನು ತೂಗಿ ನೋಡುವವರ ಮಾತಿನ ತಿರುಳು ಈ ಖಾಲಿ ಜಾಗವೇ. ಲೋಡು ತಡವಾಗುವುದು ಕಾರ್ಖಾನೆಯ ಗೋದಾಮು ತುಂಬಿದ್ದರಿಂದ ಇರಬಹುದು, ಬ್ರೋಕರು ರಿಟರ್ನ್ ಲೋಡು ಹುಡುಕದೆ ಇದ್ದುದರಿಂದ ಇರಬಹುದು, ಮಳೆಯಿಂದಲೂ ಇರಬಹುದು. ಇದರಲ್ಲಿ ಯಾವುದೂ ಡ್ರೈವರಿನ ಕೈಯಲ್ಲಿಲ್ಲ. ಟ್ರಿಪ್ ಲೆಕ್ಕದಲ್ಲಿ ಮಾತ್ರ ಎಲ್ಲರ ತಡವೂ ಕೊನೆಗೆ ಅವನ ಹೊಟ್ಟೆಯ ಮೇಲೆ ಬಂದು ಕೂರುತ್ತದೆ. ಗ್ಯಾರಂಟಿ ಸಂಬಳ ಕೊಡುವ ಓನರು ದಾನ ಮಾಡುತ್ತಿಲ್ಲ, ಹೊರಬೇಕಾದ್ದರಲ್ಲಿ ಸ್ವಲ್ಪವನ್ನು ಹೊರುತ್ತಿದ್ದಾನೆ, ಅಷ್ಟೆ.

ಊರಿಗಾಂ ಜನಕ್ಕೆ ಈ ಲೆಕ್ಕ ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂದು ಗಣಿ ಕಂಪನಿಗಳೇ ನಾಲ್ಕಿದ್ದವು. ಆಯ್ಕೆ ದಂಡಿಯಾಗಿತ್ತು ಅನ್ನಿಸಬಹುದು. ಆದರೆ ನಾಲ್ಕನ್ನೂ ನಡೆಸುತ್ತಿದ್ದುದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಒಂದೇ ಸಂಸ್ಥೆ. ಬಹುಪಾಲು ಆಳುಗಳು ಕಂಟ್ರಾಕ್ಟರುಗಳ ಕೈಕೆಳಗೆ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ಬಿಟ್ಟು ಹೊರಬಂದರು. ಒಂದು ಗಣಿಯಲ್ಲಿ ಹೆಸರು ಕೆಟ್ಟರೆ ಇನ್ನೊಂದರ ಬಾಗಿಲೂ ಮುಚ್ಚುತ್ತದೆ ಎಂಬುದು ಅವರ ಭಯ. ಇಲ್ಲಿ ಬೇಡವಾದರೆ ಅಲ್ಲಿಗೆ ಹೋಗುತ್ತೇನೆ ಎನ್ನುವ ಸ್ವಾತಂತ್ರ್ಯವೊಂದೇ ಬಡವನ ಕೈಯಲ್ಲಿದ್ದ ಆಯುಧ. ಅದನ್ನು ಒಂದು ಹೆಬ್ಬೆಟ್ಟಿಗೆ ಕೊಡಲು ಅವರು ಒಪ್ಪಲಿಲ್ಲ. ಟೀ ಅಂಗಡಿ ಮುಂದೆ ಓನರುಗಳನ್ನು ತೂಗುವುದನ್ನು ‘ಡ್ರೈವರುಗಳಿಗೆ ನಿಯತ್ತಿಲ್ಲ’ ಎಂದು ಹೀಗಳೆಯುವವರು ಈ ಇತಿಹಾಸವನ್ನು ಒಮ್ಮೆ ಓದಬೇಕು.

1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಕೆಲಸವೇನೂ ಹಗುರವಾಗಲಿಲ್ಲ. ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರು ದಾಟಿತ್ತು, ಕೆಳಗೆ ಬಂಡೆ ಸಿಡಿದರೆ ಮೇಲೆ ಕಾರ್ಮಿಕರ ಲೈನು ಮನೆಗಳು ನಡುಗುತ್ತಿದ್ದವು. ಆದರೂ ಸಂಬಳದ ದಿನ ಸಂಬಳ ಬರುತ್ತಿತ್ತು. ಆ ನಂಬಿಕೆಯ ಮೇಲೆ ಚೀಟಿ ಹಾಕಿದರು, ಮಕ್ಕಳನ್ನು ಓದಿಸಿದರು, ಅಂಗಡಿಯಲ್ಲಿ ಸಾಲದ ಪುಸ್ತಕ ಇಟ್ಟರು. ನಾಳೆ ಇಷ್ಟು ಬರುತ್ತದೆ ಎಂದು ಗೊತ್ತಿರುವವನಿಗೆ ಮಾತ್ರ ಮುಂದಿನ ವರ್ಷದ ಬಗ್ಗೆ ಯೋಚಿಸುವ ಧೈರ್ಯ ಬರುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಾಕಿಗಾಗಿ ವರ್ಷಗಟ್ಟಲೆ ಅಲೆದಾಟ ನಡೆಯಿತು. ಮುಂದಿನ ತಲೆಮಾರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಯಿತು, ಈಗಲೂ ಹೋಗುತ್ತಿದೆ. ಸ್ಟಿಯರಿಂಗ್ ಹಿಡಿದವರೂ ಇದ್ದಾರೆ. ಸರ್ಕಾರದ ಗ್ಯಾರಂಟಿಯೂ ಕೊನೆಗೊಳ್ಳುತ್ತದೆ ಎಂದು ಕಂಡವರಿಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಗ್ಯಾರಂಟಿಯ ಮೇಲೆ ಅನುಮಾನ ಇರುವುದು ಸಹಜ.

ಅನುಮಾನ ಪಡಲು ಬೇರೆ ಕಾರಣವೂ ಇದೆ. ‘ಲೋಡಿರಲಿ ಬಿಡಲಿ’ ಎಂಬುದರ ಹಿಂದೆ ಷರತ್ತುಗಳ ಬಾಲ ಇರುತ್ತದೆ. ತಿಂಗಳಲ್ಲಿ ಒಂದು ದಿನ ಮನೆಗೆ ಹೋದರೂ ಗ್ಯಾರಂಟಿ ರದ್ದು. ಡೀಸೆಲ್ ಮೈಲೇಜು ಕಮ್ಮಿ ಬಂದರೆ ಕಟ್. ಸರಕು ಒದ್ದೆಯಾದರೆ ಕಟ್. ಹಬ್ಬಕ್ಕೆ ಕೊಟ್ಟ ಅಡ್ವಾನ್ಸು ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ. ಹೇಳಿದ್ದಕ್ಕೂ ಕೈಗೆ ಬಂದದ್ದಕ್ಕೂ ಇರುವ ಅಂತರ ಎಷ್ಟು ಸಿಟ್ಟು ಹುಟ್ಟಿಸುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ನೋಡಿದೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಗಾಜು ಪುಡಿಯಾಯಿತು. ಕೆಲವರಿಗೆ ಸರಿಯಾಗಿ ಸಂಬಳ ಸಿಕ್ಕಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಒಡೆದದ್ದು ತಪ್ಪು, ಆದರೆ ತಪ್ಪು ಅಲ್ಲಿಂದ ಶುರುವಾದದ್ದಲ್ಲ.

ಇದು ಡ್ರೈವರಿನ ಹೊಟ್ಟೆಪಾಡು, ನಮಗೇನು ಎನ್ನುವಂತೆಯೂ ಇಲ್ಲ. ನಿಂತ ದಿನಕ್ಕೆ ಕಾಸಿಲ್ಲದವನು ಓಡುವ ದಿನ ಅದನ್ನು ತುಂಬಿಕೊಳ್ಳಲು ನೋಡುತ್ತಾನೆ. ಎರಡು ದಿನ ಗೇಟಿನಲ್ಲಿ ಕಾದವನು ಮೂರನೇ ರಾತ್ರಿ ನಿದ್ದೆಗೆಟ್ಟು ಹೊಡೆಯುತ್ತಾನೆ. ಆ ಲಾರಿಯ ಎದುರಿಗೆ ಬರುವುದು ನಮ್ಮ ಬೈಕು, ನಮ್ಮ ಬಸ್ಸು. ಅಮೆರಿಕದ ಜೆ.ಬಿ. ಹಂಟ್ ಕಂಪನಿ 1997ರಲ್ಲಿ ಡ್ರೈವರುಗಳ ದರವನ್ನು ಚೆನ್ನಾಗಿ ಏರಿಸಿತು. ಮೈಕೆಲ್ ಬೆಲ್ಜರ್ ಮತ್ತಿತರ ಅರ್ಥಶಾಸ್ತ್ರಜ್ಞರು ಅದರ ದಾಖಲೆ ತೆಗೆದು ನೋಡಿದಾಗ, ಸಂಬಳ ಹೆಚ್ಚಾದಂತೆ ಅಪಘಾತ ಕಮ್ಮಿಯಾಗಿದ್ದು ಕಂಡಿತು. ಆಸ್ಟ್ರೇಲಿಯಾ 2012ರಲ್ಲಿ ರಸ್ತೆ ಸುರಕ್ಷತೆಗೂ ಚಾಲಕರ ದರಕ್ಕೂ ಸೇರಿಸಿ ಒಂದು ನ್ಯಾಯಮಂಡಳಿಯನ್ನೇ ಮಾಡಿತು. ನಾಲ್ಕೇ ವರ್ಷಕ್ಕೆ ಅದನ್ನು ರದ್ದು ಮಾಡಿದರು, ಸ್ವಂತ ಟ್ರಕ್ ಓಡಿಸುವವರೇ ಅದರ ವಿರುದ್ಧ ಬೀದಿಗಿಳಿದಿದ್ದರು.

ಅವರ ಮಾತಿನಲ್ಲೂ ಹುರುಳಿತ್ತು. ಒಂದೇ ಲಾರಿ ಇಟ್ಟುಕೊಂಡು ಇಎಂಐ ಕಟ್ಟುವ ಓನರಿಗೆ ಯಾರು ಗ್ಯಾರಂಟಿ ಕೊಡುತ್ತಾರೆ? ಡೀಸೆಲ್ ಏರಿದ ದಿನವೇ ಬಾಡಿಗೆ ಏರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ದರ, ಟೋಲು ಎಂದು ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಸುಮ್ಮನೆ ಅಲ್ಲ. ನಮ್ಮ ಹಳೆಯ ಕಾನೂನೂ ಸಣ್ಣ ಓನರಿನ ಈ ಕಷ್ಟವನ್ನು ಕಂಡಂತೆ ಬರೆದಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು, ಆದರೆ ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ. ಒಂದು ಲಾರಿ, ಒಬ್ಬ ಡ್ರೈವರು, ಒಬ್ಬ ಕ್ಲೀನರು ಇರುವ ಕಡೆ ಕಾನೂನು ಇಣುಕಲೇ ಇಲ್ಲ. ನಮ್ಮ ರಸ್ತೆಯ ಲಾರಿಗಳ ದೊಡ್ಡ ಪಾಲು ಅಂಥವೇ.

ಹಾಗಾದರೆ ಹೊರೆ ಹೊರಬೇಕಾದವನು ಯಾರು? ಕಾಯಿಸಿದವನು, ಅಂದರೆ ಸರಕಿನ ಕಡೆಯವನು. ಸರಕಿನ ಲಾಭದಲ್ಲಂತೂ ಡ್ರೈವರಿಗೆ ಪಾಲಿಲ್ಲ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಹಿರಿಯೂರು ಕಡೆಯಿಂದ ಕೋಲಾರಕ್ಕೆ ಹೊರಟಿದ್ದ ಟೊಮೆಟೊ ಗಾಡಿಯನ್ನು ಬೆಂಗಳೂರಿನಲ್ಲಿ ಅಡ್ಡಹಾಕಿ ಕದ್ದೊಯ್ದರು. ಹಿಂದೆ ತುಂಬಿದ ಸರಕು ಚಿನ್ನದ ಬೆಲೆಗೆ ಏರಿದರೂ ಓಡಿಸುವವನಿಗೆ ಹೆಚ್ಚಾದದ್ದು ಭಯ. ಸರಕಿನ ಬೆಲೆ ಇಳಿದಾಗ ಮಾತ್ರ ‘ಬಾಡಿಗೆ ಸ್ವಲ್ಪ ನೋಡ್ಕೊಳ್ಳಿ’ ಎಂಬ ಮಾತು ಬೇಗ ಬರುತ್ತದೆ.

ನರಸಾಪುರ, ವೇಮಗಲ್ ಕಾರ್ಖಾನೆಗಳ ಸಾರಿಗೆ ಮ್ಯಾನೇಜರುಗಳಲ್ಲಿ, ಮಂಡಿ ಮಾಲೀಕರಲ್ಲಿ ಒಂದೇ ಕೇಳಿಕೆ. ಲಾರಿ ಒಳಬಂದ ಹೊತ್ತು, ಹೊರಹೋದ ಹೊತ್ತು ನಿಮ್ಮ ಗೇಟಿನ ರಿಜಿಸ್ಟರಿನಲ್ಲಿ ಬರೆದೇ ಇರುತ್ತದೆ. ಅದನ್ನು ನೋಡಿಯೇ ಹಾಲ್ಟಿಂಗ್ ಬಿಲ್ ಮಾಡಿ, ಅದರಲ್ಲಿ ಡ್ರೈವರಿನ ಪಾಲು ಇಷ್ಟು ಎಂದು ಬೇರೆಯಾಗಿ ನಮೂದಿಸಿ, ಅವನ ಖಾತೆಗೇ ಹಾಕಿ. ಡ್ರೈವರುಗಳೂ ಹೊಸ ಓನರಿನ ಹತ್ತಿರ ಹೋಗುವಾಗ ಗ್ಯಾರಂಟಿ ಎಷ್ಟು ಎಂದು ಕೇಳಿ ಸುಮ್ಮನಾಗಬಾರದು. ಯಾವ್ಯಾವುದಕ್ಕೆ ಕಟ್ ಮಾಡುತ್ತೀರಿ ಎಂದು ಕೇಳಿ, ಅದನ್ನು ಕಾಗದದ ಮೇಲೆ ಬರೆಸಿಕೊಂಡೇ ಕೀ ತೆಗೆದುಕೊಳ್ಳಲಿ.