ಮೊದಲ ವಕಾಲತ್ತು

ಕರಿಕೋಟು ಹಾಕಿದ ಮೊದಲ ವರ್ಷವೆಲ್ಲ ನಾನು ಮುಳುಗಡೆ ಪರಿಹಾರದ ಕಡತಗಳನ್ನೇ ತಿರುವಿದ್ದು. ಆಲಮಟ್ಟಿ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಿದ ಮೇಲೆ, ಇಲ್ಲಿ ಕಿರಿಯ ವಕೀಲರ ಹೊಟ್ಟೆಗೆ ಹಿಟ್ಟಾದ ಕೆಲಸ ಅದು.

ಒಂದು ಮಧ್ಯಾಹ್ನ ಇಳಕಲ್ಲಿನ ಮಗ್ಗದ ಕೂಲಿ ಹುಡುಗನೊಬ್ಬನನ್ನು ಕಳವಿನ ಆರೋಪದ ಮೇಲೆ ರಿಮ್ಯಾಂಡಿಗೆ ತಂದರು. “ವಕೀಲರು ಅದಾರೇನು?” ಎಂದು ನ್ಯಾಯಾಧೀಶರು ಕೇಳಿದರು. ಹುಡುಗ ತಿರುಗಿ ತಾಯಿಯ ಮುಖ ನೋಡಿದ. ಆ ತಾಯಿ ನನ್ನ ಕೋಟು ನೋಡಿದಳು. ಎದ್ದು ನಿಂತೆ. ಅಂದು ಹೇಳಿದ್ದು ನಾಲ್ಕೇ ಮಾತು. ವಾರದೊಳಗೆ ಜಾಮೀನಾಯಿತು.

ಮನೆಯಲ್ಲಿ ಅವ್ವ ಸಿಟ್ಟಾದಳು. “ಕಳ್ಳರ ಪರ ನಿಲ್ಲಾಕ ವಕೀಲಕಿ ಕಲತೀಯೇನಪಾ?”

ಅವಳಿಗೆ ನಾನು ಹಲಗಲಿಯ ಕತೆ ನೆನಪಿಸಿದೆ. ಲಾವಣಿಯಲ್ಲಿ ಅವಳೂ ಕೇಳಿದ್ದೇ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಬೇಟೆಯೇ ಬದುಕಾದ ಬೇಡರು ಆಯುಧ ಕೊಡಲೊಪ್ಪಲಿಲ್ಲ. ನವೆಂಬರ್ ಕೊನೆಗೆ ಬ್ರಿಟಿಷರ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್ 11ಕ್ಕೆ ಮುಧೋಳದಲ್ಲಿ 13 ಮಂದಿಗೆ, 14ಕ್ಕೆ ಹಲಗಲಿಯಲ್ಲಿ 6 ಮಂದಿಗೆ ಗಲ್ಲು. ಹಿಡಿದದ್ದು, ವಿಚಾರಿಸಿದ್ದು, ನೇಣಿಗೇರಿಸಿದ್ದು ಎಲ್ಲ ಎರಡು ಮೂರು ವಾರದೊಳಗೆ. ಅಷ್ಟರಲ್ಲಿ ಅವರ ಮಾತನ್ನು ಯಾರು ಕೇಳಿದ್ದಾರು? ಇವತ್ತು ಅವರನ್ನು ವೀರರೆನ್ನುತ್ತೇವೆ. ಅಂದಿನ ಕಾಗದದಲ್ಲಿ ಅವರು ಆರೋಪಿಗಳೇ.

ಅವ್ವ ಆಮೇಲೆ ಮಾತಾಡಲಿಲ್ಲ. ಆರೋಪಿಗಳ ಪರ ನಿಲ್ಲಲೆಂದು ನಾನು ಮುಳುಗಡೆ ಕಡತಗಳನ್ನು ಹಿರಿಯರಿಗೆ ಒಪ್ಪಿಸಿದೆ.

ಇದನ್ನು ಅಮೆರಿಕದಲ್ಲಿ ಕೂತು ಓದುತ್ತಿರುವ ನಿಮಗೆ ಅಲ್ಲಿನ ಗಿಡಿಯನ್ ಪ್ರಕರಣ ಗೊತ್ತಿರಬಹುದು. ಜೈಲಿನಿಂದ ಪೆನ್ಸಿಲ್ಲಿನಲ್ಲಿ ಅರ್ಜಿ ಬರೆದ ಬಡವ. 1963ರಲ್ಲಿ ವಕೀಲರ ಹಕ್ಕಿಗಾಗಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ವಕೀಲರು ಸಿಕ್ಕ ಮೇಲೆ ಮರುವಿಚಾರಣೆಯಲ್ಲಿ ಖುಲಾಸೆಯಾದ. ನಮ್ಮ ಸಂವಿಧಾನ ಬಂಧಿತನಿಗೆ ವಕೀಲರ ಹಕ್ಕನ್ನು 22ನೇ ವಿಧಿಯಲ್ಲಿ 1950ರಲ್ಲೇ ಬರೆದಿಟ್ಟಿತ್ತು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವ ಯಾರಿಗೇ ಆಗಲಿ ಆದಾಯ ಕೇಳದೆ ಉಚಿತ ವಕೀಲರು ಸಿಗಬೇಕು. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದು ಇದೆಯೆಂದು ಊರಿಗೆ ಗೊತ್ತಾಗುವುದರಲ್ಲಿ. ಬಂಧಿಸಿದ 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸುವಾಗಲೇ ಪಕ್ಕದಲ್ಲಿ ಒಬ್ಬರು ಬೇಕು. ಆಮೇಲೆ ಬಂದ ದೊಡ್ಡ ವಕೀಲರಿಗಿಂತ ಆಗ ನಿಂತ ಕಿರಿಯನೇ ಹೆಚ್ಚು ಎಂದು ನನ್ನ ಅನುಭವ.

ಯಾರನ್ನೋ ಹಿಡಿದರೆಂದು ಊರಿನಿಂದ ನಿಮಗೆ ಫೋನು ಬಂದರೆ “ಅವ ಮಾಡ್ಯಾನೇನು?” ಎಂದು ಮೊದಲು ಕೇಳಬೇಡಿ. “ವಕೀಲರು ಅದಾರೇನು?” ಎಂದು ಕೇಳಿ. ಇಲ್ಲವೆಂದರೆ ಈ ಸಂಖ್ಯೆ ಬರೆಸಿ: 15100. ಅದು ಕಾನೂನು ನೆರವಿನ ಸಹಾಯವಾಣಿ.