ಶುಶ್ರೂಷೆಯೆಂಬ ಕರ

ಪರದೇಶಕ್ಕೆ ತೆರಳಿ ಅಲ್ಲಿಯ ಬಡ ಮಕ್ಕಳಿಗೂ ಕುಟುಂಬಗಳಿಗೂ ಸೇವೆ ಸಲ್ಲಿಸುವ ಅಭಿಲಾಷೆಯು ಇಂದು ನಮ್ಮ ಮನೆಗಳ ತರುಣರಲ್ಲಿಯೂ ಕಾಣುತ್ತಿದೆ. ಇದು ಧರ್ಮವೋ, ಕೀರ್ತಿಕಾಮನೆಯೋ ಎಂದು ಹಿರಿಯರು ಕೇಳುವುದುಂಟು. ದುರ್ಗದಬೈಲಿನಲ್ಲಿ ಮೂಟೆ ಹೊರುವ ಹಮಾಲರ ಮಕ್ಕಳಿಗೆ ಅಕ್ಷರ ಹೇಳದವರು ಸಮುದ್ರ ದಾಟಿ ಏನು ಸಾಧಿಸುವರೆಂಬ ಮಾತನ್ನು ನಾವು ತಳ್ಳಿಹಾಕಲಾರೆವು.

ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ನಾನಾಜನರ ಶುಶ್ರೂಷೆಯು ಕರದಂತೆ ಕರ್ತವ್ಯವೆಂದು ತಿಳಿಸಿರುವರು. ಈ ಹೋಲಿಕೆಯ ಮರ್ಮವನ್ನು ವಿಚಾರಿಸೋಣ. ದಾನ ಕೊಟ್ಟವನು ಕೃತಜ್ಞತೆಯನ್ನು ಬಯಸಬಹುದು. ಕರ ತೆತ್ತವನು ಬಯಸಲಾರನು. ತನ್ನ ಬಾಕಿಯನ್ನು ತೀರಿಸಿದವನಿಗೆ ಹಾರ-ತುರಾಯಿಗಳೇಕೆ? ಆದುದರಿಂದ ಹಸಿದ ಕೂಸನ್ನು ಎತ್ತಿಕೊಂಡು ಚಿತ್ರ ತೆಗೆಯಿಸಿಕೊಳ್ಳುವವನು ಕರವನ್ನು ಕೊಡುತ್ತಿಲ್ಲ, ವಸೂಲು ಮಾಡುತ್ತಿದ್ದಾನೆ.

1977ರ ನವೆಂಬರ್ ತಿಂಗಳಲ್ಲಿ ಚಂಡಮಾರುತವು ಆಂಧ್ರದ ದಿವಿಸೀಮೆಯನ್ನು ಧ್ವಂಸಗೊಳಿಸಿದಾಗ, ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಶ್ರೀಪಾದಂಗಳವರು ಹಂಸಲದೀವಿ ಗ್ರಾಮದಲ್ಲಿ ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ನಾಡು ಬೇರೆ, ನುಡಿ ಬೇರೆ, ಅಂತರ್ಯಾಮಿಯು ಒಬ್ಬನೇ. ಅಲ್ಲಿ ಬೇಕಾದುದು ಸೂರು; ಕೊಟ್ಟುದೂ ಸೂರೇ.

ದೂರ-ಸಮೀಪಗಳು ಶ್ರೀಹರಿಗೆ ಇಲ್ಲ, ನಮಗೆ ಇವೆ. ಸಮೀಪದ ಬಾಕಿಯನ್ನು ಮರೆತು ದೂರಕ್ಕೆ ಓಡಬಾರದು. ಸಮೀಪವನ್ನೇ ನೆಪಮಾಡಿ ದೂರದವರ ದುಃಖಕ್ಕೆ ಕಿವುಡಾಗಲೂಬಾರದು. ಹೋಗುವವರು ಅಲ್ಲಿಯ ನುಡಿಯನ್ನು ಕಲಿತು, ಅಲ್ಲಿಯ ತಾಯಂದಿರನ್ನು ಕೇಳಿ, ಅವರಿಗೆ ಬೇಕಾದ ಕೆಲಸವನ್ನೇ ಮಾಡಲಿ. ತಾವು ಮರಳಿದ ಬಳಿಕವೂ ಅದು ನಡೆಯುವಂತಿರಲಿ. ಹೋಗಲಾರದ ನಮ್ಮಂಥವರಿಗೆ ದುರ್ಗದಬೈಲು ಇದ್ದೇ ಇದೆ.

ಶ್ರೀಕೃಷ್ಣಾರ್ಪಣಮಸ್ತು.