ಅಗ್ಗದ ಬೆಲೆಯನ್ನು ತೆರುವವರು ಯಾರು?

ಸಾಮಾನು ಅಗ್ಗವಾಗಿ ಸಿಕ್ಕರೆ ಬೇಡವೆನ್ನುವವರು ಯಾರಿದ್ದಾರೆ? ಎಣ್ಣೆ, ಬೇಳೆ, ಸಾಬೂನಿನಲ್ಲಿ ತಿಂಗಳಿಗೆ ಉಳಿಯುವ ನೂರಿನ್ನೂರು ರೂಪಾಯಿ ಕೂಲಿಕಾರರ ಮನೆಗೆ ಸಣ್ಣ ಮೊತ್ತವಲ್ಲ. ಅದು ಮಗುವಿನ ಪುಸ್ತಕವಾಗಬಹುದು, ವೃದ್ಧ ತಾಯಿಯ ಔಷಧಿಯಾಗಬಹುದು. ರಿಯಾಯಿತಿ ದರದ ಬೃಹತ್ ಮಳಿಗೆಗಳನ್ನು ಟೀಕಿಸುವವರು ಮೊದಲು ಈ ಸತ್ಯವನ್ನು ಒಪ್ಪಿಕೊಳ್ಳಬೇಕು. ಹಾಗೆಯೇ ಅವುಗಳನ್ನು ಹೊಗಳುವವರೂ ಒಂದು ಪ್ರಶ್ನೆಗೆ ಉತ್ತರಿಸಬೇಕು: ನಮಗೆ ಉಳಿದ ಆ ಹಣವನ್ನು ಬೇರೆ ಯಾರಾದರೂ ತೆರುತ್ತಿದ್ದಾರೆಯೇ?

ಗದಗ ಜಿಲ್ಲೆಯಂಥ ಕಡೆ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಬಹುಪಾಲು ಬದುಕು ಮಳೆಯನ್ನು ನಂಬಿದ ಬೇಸಾಯದ ಮೇಲೆ ನಿಂತಿದೆ. ಹೆಸರು, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ ಕೈಗೆ ಬಂದಾಗ ಮಾತ್ರ ರೈತನ ಕೈಯಲ್ಲಿ ಹಣ ಆಡುತ್ತದೆ. ಹೊಟ್ಟೆಗೆ ಮಾತ್ರ ವರ್ಷವಿಡೀ ಊಟ ಬೇಕು. ಈ ಎರಡರ ನಡುವಿನ ಸೇತುವೆಯೇ ಕಿರಾಣಿ ಅಂಗಡಿಯ ಉದ್ರಿ. ಬಿತ್ತನೆಯ ದಿನಗಳಲ್ಲಿ ಬರೆಸಿದ ಬಾಕಿ ಸುಗ್ಗಿಯಲ್ಲಿ ತೀರುತ್ತದೆ. ಬೆಟಗೇರಿಯ ನೇಕಾರನಿಗೂ ಅಷ್ಟೆ. ನೆಯ್ದ ಸೀರೆಯ ಮಜೂರಿ ಬರುವ ತನಕ ಒಲೆ ಉರಿಯಬೇಕಾದರೆ ಯಾರಾದರೂ ಅವನನ್ನು ನಂಬಬೇಕು.

ಆದರೆ ಅಂಗಡಿಯವನು ಉದ್ರಿ ಕೊಡುವುದು ಎಲ್ಲಿಂದ? ಪಗಾರ ಬರುವ ಗಿರಾಕಿಗಳು ನಗದು ಕೊಟ್ಟು ಒಯ್ಯುವ ವ್ಯಾಪಾರದ ಬಲದಿಂದ. ಬೃಹತ್ ಮಳಿಗೆ ಮೊದಲು ಸೆಳೆಯುವುದು ಇವರನ್ನೇ. ಕಂಪನಿಗಳಿಂದ ನೇರವಾಗಿ, ಒಟ್ಟಿಗೆ, ಕಡಿಮೆ ದರಕ್ಕೆ ಖರೀದಿಸುವ ಮಳಿಗೆಯ ಬೆಲೆಗೆ ಸಣ್ಣ ಅಂಗಡಿ ಸರಿಸಾಟಿಯಾಗಲಾರದು. ನಗದಿನವರು ಅತ್ತ ಹೋದರೆ ಅಂಗಡಿಯಲ್ಲಿ ಉಳಿಯುವವರು ಉದ್ರಿಯವರು ಮಾತ್ರ. ಅವರ ಭಾರವನ್ನು ಒಂಟಿಯಾಗಿ ಹೊರಲಾಗದೆ ಒಂದು ದಿನ ಅಂಗಡಿ ಬಾಗಿಲು ಹಾಕುತ್ತದೆ. ಪಗಾರದವರು ಪಡೆದ ರಿಯಾಯಿತಿಯನ್ನು ಹೀಗೆ ಕೊನೆಗೆ ತೆರುವವರು ಪಗಾರವಿಲ್ಲದವರು. ಈ ಲೆಕ್ಕ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

2012ರಲ್ಲಿ ಕೇಂದ್ರ ಸರಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ 51 ಶೇಕಡಾ ವಿದೇಶಿ ಬಂಡವಾಳಕ್ಕೆ ಅನುಮತಿ ನೀಡಿದಾಗ, ಮುಖ್ಯವಾಗಿ 10 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆಂದು ಮಿತಿ ಹಾಕಿತು. 2011ರ ಜನಗಣತಿಯಲ್ಲಿ ಸುಮಾರು 1.7 ಲಕ್ಷ ಜನರಿದ್ದ ಗದಗ-ಬೆಟಗೇರಿಗೆ ಅಪಾಯವಿಲ್ಲವೆಂದು ಅನೇಕರು ಭಾವಿಸಿದರು. ಆದರೆ ದೇಶದ ದೊಡ್ಡ ಬಂಡವಾಳಕ್ಕೆ ಆ ಮಿತಿ ಇರಲಿಲ್ಲ. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟಿನ ಬಹುಪಾಲು ಶೇರು ಕೊಂಡ ಮೇಲೆ, ಊರಿಗೆ ಮಳಿಗೆ ಬಾರದೆಯೇ ಮೊಬೈಲಿನೊಳಗಿಂದ ಮಾರುಕಟ್ಟೆ ಬಂತು. ದೊಡ್ಡದೆಲ್ಲ ಶಾಶ್ವತವೂ ಅಲ್ಲ. 2001ರಲ್ಲಿ ಹುಟ್ಟಿ ಅಗ್ಗದ ಮಾರಾಟಕ್ಕೆ ಹೆಸರಾಗಿದ್ದ ಬಿಗ್ ಬಜಾರ್ 2022ರ ಹೊತ್ತಿಗೆ ಕುಸಿಯಿತು, ಅದರ ಅನೇಕ ಮಳಿಗೆಗಳ ಜಾಗ ರಿಲಯನ್ಸ್ ಪಾಲಾಯಿತು. ದೈತ್ಯ ಬಿದ್ದಾಗ ಆ ಜಾಗಕ್ಕೆ ಇನ್ನೊಂದು ದೈತ್ಯ ಬರುತ್ತದೆ, ಮುಚ್ಚಿಹೋದ ಕಿರಾಣಿ ಅಂಗಡಿ ಮರಳಿ ಬರುವುದಿಲ್ಲ.

ಕಡಿಮೆ ಬೆಲೆಗೆ ಮಾರುವುದು ತಪ್ಪಾಗಲು ಸಾಧ್ಯವೇ? ಈ ಜಿಜ್ಞಾಸೆ ಹೊಸದಲ್ಲ. ಇಮಾಮ್ ಮಾಲಿಕರ 'ಮುವತ್ತಾ'ದಲ್ಲಿ ಒಂದು ಘಟನೆಯಿದೆ. ಮದೀನಾದ ಮಾರುಕಟ್ಟೆಯಲ್ಲಿ ಹಾತಿಬ್(ರ) ಒಣದ್ರಾಕ್ಷಿ ಮಾರುತ್ತಿದ್ದರು. ಖಲೀಫಾ ಉಮರ್(ರ) ಅವರನ್ನು ಕಂಡು, ಬೆಲೆ ಏರಿಸಿರಿ, ಇಲ್ಲವೇ ನಮ್ಮ ಮಾರುಕಟ್ಟೆಯಿಂದ ಹೊರಡಿರಿ ಎಂದರು. ಇಮಾಮ್ ಶಾಫಿಈ ಉಲ್ಲೇಖಿಸುವ ವರದಿಯಲ್ಲಿ ಕಥೆ ಮುಂದುವರಿಯುತ್ತದೆ. ಉಮರ್ ಮತ್ತೆ ಯೋಚಿಸಿ ಹಾತಿಬರ ಮನೆಗೆ ಹೋಗಿ, ಅದು ಆಜ್ಞೆಯಲ್ಲ, ಊರಿನವರ ಒಳಿತನ್ನು ಬಯಸಿ ಹೇಳಿದ ಮಾತು, ಇಷ್ಟಬಂದಂತೆ ಮಾರಿರಿ ಎಂದರು. ಪ್ರವಾದಿ ಮುಹಮ್ಮದ್(ಸ)ರು ಬೆಲೆ ನಿಗದಿಪಡಿಸಲು ನಿರಾಕರಿಸಿದ್ದೂ, ಬೆಲೆ ಏರಲೆಂದು ದಾಸ್ತಾನು ಮಾಡುವುದನ್ನು ಪಾಪವೆಂದದ್ದೂ ಹದೀಸ್‌ಗಳಲ್ಲಿದೆ.

ಈ ಪರಂಪರೆ ವ್ಯಾಪಾರಿಯ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ. ಆದರೆ ಆ ಸ್ವಾತಂತ್ರ್ಯದ ಎದುರು ಊರಿನ ಹಿತವೆಂಬ ಪ್ರಶ್ನೆಯನ್ನು ಇಡುತ್ತದೆ. ಜಾಣತನದಿಂದ ಖರ್ಚು ತಗ್ಗಿಸಿ ಅಗ್ಗವಾಗಿ ಮಾರುವುದು ಬೇರೆ. ನಷ್ಟ ತಾಳುವ ಹಣಬಲದಿಂದ ಎದುರಾಳಿಯನ್ನು ಮುಗಿಸಿ ನಂತರ ಬೆಲೆ ಏರಿಸುವುದು ಬೇರೆ. ಮೊದಲನೆಯದು ದುಡಿಮೆ, ಎರಡನೆಯದು ಬೇಟೆ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ಇಂಥ ಬೇಟೆಯ ಬೆಲೆಯನ್ನು ನಿಷೇಧಿಸುತ್ತದಾದರೂ, ಮಾರುಕಟ್ಟೆಯಲ್ಲಿ ಪ್ರಾಬಲ್ಯ ಸಾಧಿಸಿದ ಸಂಸ್ಥೆಗಳಿಗಷ್ಟೆ ಅದು ಅನ್ವಯ. ಶಿರಹಟ್ಟಿಯ ಅಂಗಡಿಕಾರ ಅದನ್ನು ಸಾಬೀತುಪಡಿಸಲು ದಿಲ್ಲಿಯ ತನಕ ಹೋಗಬಲ್ಲನೇ?

ಹಾಗೆಂದು ಸಣ್ಣ ವ್ಯಾಪಾರಿಗಳೆಲ್ಲ ಸಂತರಲ್ಲ. ತೂಕದಲ್ಲಿ ಮೋಸ, ಕಲಬೆರಕೆ, ಉದ್ರಿಯವರಿಗೆ ಹೆಚ್ಚಿನ ದರ — ಇವೆಲ್ಲ ಇವೆ. ಜನರು ದೊಡ್ಡ ಮಳಿಗೆಗೆ ಹೋಗುವುದಕ್ಕೆ ಬೆಲೆಯಷ್ಟೇ ಅಲ್ಲ, ಅಚ್ಚಾದ ಬಿಲ್ಲಿನ ಮೇಲಿನ ನಂಬಿಕೆಯೂ ಕಾರಣ. ಕನಿಕರದ ಹೆಸರಿನಲ್ಲಿ ಗಿರಾಕಿಯನ್ನು ಕೇಳುವ ಹಕ್ಕು ಪ್ರಾಮಾಣಿಕತೆ ಇಲ್ಲದವನಿಗೆ ಇಲ್ಲ.

ದಾರಿ ಇಲ್ಲವೆಂದಲ್ಲ. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಒಬ್ಬೊಬ್ಬ ರೈತ ಸಾಹುಕಾರನ ಎದುರು ದುರ್ಬಲ, ಹತ್ತು ಜನ ಕೂಡಿದರೆ ಅಲ್ಲ ಎಂಬುದು ಅಲ್ಲಿನ ಪಾಠ. ಅಂಗಡಿಕಾರರೂ ಕೂಡಿ ಖರೀದಿಸಿದರೆ ದರ ಇಳಿಯುತ್ತದೆ. ಸರಿಯಾದ ತೂಕ, ಸರಿಯಾದ ಬಿಲ್ಲು ಕೊಟ್ಟರೆ ನಂಬಿಕೆ ಉಳಿಯುತ್ತದೆ.

ಗಿರಾಕಿಗೂ ಹೊಣೆಯಿದೆ. ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಮರಳಿಸಿ ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ನಾಡು ಇದು. ಎರಡು ಕೊಂಡರೆ ಒಂದು ಪುಕ್ಕಟೆ ಎಂಬ ಫಲಕದೆದುರು ನಮಗೆ ಬೇಕಾದದ್ದು ಎಷ್ಟು ಎಂದು ಕೇಳಿಕೊಂಡರೆ, ಉಳಿತಾಯವೆಂದು ತಂದದ್ದರಲ್ಲಿ ಅರ್ಧ ಖರ್ಚೇ ಎಂದು ತಿಳಿದೀತು. ಬಡವರು ಅಗ್ಗದ ಕಡೆ ಹೋದರೆ ಅವರನ್ನು ದೂರುವಂತಿಲ್ಲ. ಆಯ್ಕೆಯ ಅನುಕೂಲ ಇರುವ ನಾವು, ನಮ್ಮ ಖರೀದಿಯ ಒಂದು ಪಾಲನ್ನಾದರೂ ಓಣಿಯ ಅಂಗಡಿಗೆ ಕೊಟ್ಟರೆ ಅದು ದಾನವಲ್ಲ. ಆ ಅಂಗಡಿಯ ಖಾತೆ ಪುಸ್ತಕದಲ್ಲಿ ನೆರೆಯವನ ಹೆಸರು ಬರೆದುಕೊಳ್ಳಲು ಜಾಗ ಉಳಿಸುವ ಕೆಲಸ.